ಗಾಲಿ ಹಿರಿದಾದರೆ ಬಂಡಿಯೂ ಏಳಬೇಕು

ಧಾರವಾಡ ಸೀಮೆಯ ಓದುಗರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ಮಗನು ಅಮೇರಿಕೆಯ ಕೊಲೊರಾಡೊ ರಾಜ್ಯದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿ ಟೊಯೊಟಾ ಟಕೋಮಾ ಎಂಬ ಪಿಕಪ್ ವಾಹನವನ್ನು ಕೊಂಡಿರುವ ಅವನಿಗೆ ಈಗ ಅದರ ಟೈರುಗಳು ಸಣ್ಣವೆನಿಸಿವೆ. ದೊಡ್ಡ ಟೈರು ಹಾಕಿಸಬೇಕು, ಅದಕ್ಕಾಗಿ ಗಾಡಿಯನ್ನೇ ಮೂರು ಅಂಗುಲ ಎತ್ತರಿಸಬೇಕು ಎಂಬುದು ಅವನ ಹಟ. "ಬಲ್ಲವರು ಲೆಕ್ಕ ಹಾಕಿ ಕಟ್ಟಿದ ಗಾಡಿಯನ್ನು ಇವನೇಕೆ ತಿದ್ದಬೇಕು? ಸೊಸೆಯೂ ಮೂರು ವರ್ಷದ ಮೊಮ್ಮಗಳೂ ಅದರಲ್ಲಿಯೇ ಓಡಾಡುವರು. ಬೇಡವೆಂದರೆ ಹಳಬರೆನ್ನುತ್ತಾನೆ, ಹೂಂ ಎನ್ನಲು ನಮ್ಮ ಮನಸ್ಸು ಒಪ್ಪದು" ಎಂದು ಆ ತಂದೆ ತೋಡಿಕೊಂಡಿದ್ದಾರೆ. ಇಂದು ನಮ್ಮ ಎಷ್ಟೋ ಮನೆಗಳ ಮಕ್ಕಳು ಪರದೇಶದಲ್ಲಿರುವುದರಿಂದ ಈ ಪ್ರಶ್ನೆಗೆ ಇಲ್ಲಿಯೇ ಉತ್ತರಿಸುವುದು ಯುಕ್ತವೆಂದು ಭಾವಿಸಿದ್ದೇವೆ.

ಮಠದ ಪಾಠಶಾಲೆಯಲ್ಲಿ ಓದಿದವರಿಗೆ ಮೋಟಾರಿನ ಗೊಡವೆ ಏಕೆಂದು ಕೆಲವರು ಕೇಳಬಹುದು. ಆದರೆ ಈ ಪ್ರಶ್ನೆ ಯಂತ್ರಕ್ಕಷ್ಟೇ ಸೇರಿದುದಲ್ಲ. ಒಂದನ್ನು ಬದಲಿಸಿದರೆ ಮತ್ತಾವುದು ಬದಲಾಗುತ್ತದೆ ಎಂಬ ಕಾರ್ಯಕಾರಣದ ವಿಚಾರ ಇದರಲ್ಲಿದೆ. ತರ್ಕ ಓದಿದವರಿಗೆ ಅಂಥ ವಿಚಾರ ಎಲ್ಲಿದ್ದರೂ ರುಚಿಯೇ.

ಮೊದಲು ನಮ್ಮ ಚಕ್ಕಡಿಯನ್ನು ನೆನೆಯೋಣ. ಎರೆಭೂಮಿಯ ಚಕ್ಕಡಿಗೆ ಅಷ್ಟು ಎತ್ತರದ ಗಾಲಿಗಳೇಕೆ? ಮಳೆಗಾಲದ ಹಾದಿಯಲ್ಲಿ ಗಾಲಿ ಕೆಸರಿಗಿಳಿದರೂ ಅಚ್ಚು ನೆಲಕ್ಕೆ ತಾಗಬಾರದು. ಸಣ್ಣ ಗಾಲಿ ಬಿದ್ದೇಳುವ ತಗ್ಗನ್ನು ದೊಡ್ಡ ಗಾಲಿ ಸಲೀಸಾಗಿ ದಾಟುತ್ತದೆ. ಅಚ್ಚು ಇರುವುದು ಗಾಲಿಯ ನಟ್ಟನಡುವೆ. ಆದುದರಿಂದ ಅಚ್ಚನ್ನು ಒಂದು ಗೇಣು ಎತ್ತರಿಸಬೇಕಾದರೆ ಗಾಲಿಯ ಎತ್ತರ ಎರಡು ಗೇಣು ಹೆಚ್ಚಬೇಕು. ಮೇಲಿನ ಕಟ್ಟನ್ನು ಎಷ್ಟು ಎತ್ತರಕ್ಕೇರಿಸಿದರೂ ಅಚ್ಚು ಕೂದಲೆಳೆಯಷ್ಟೂ ಏಳದು. ಈ ಒಂದು ಮಾತು ಮನಸ್ಸಿಗೆ ಬಂದರೆ ಪಿಕಪ್ಪಿನ ಅರ್ಧ ವಿದ್ಯೆ ತಿಳಿದಂತಾಯಿತು.

ಈಗ ಟಕೋಮಾದ ಲೆಕ್ಕಕ್ಕೆ ಬರೋಣ. 1995ರಿಂದ ಅಮೇರಿಕೆಯಲ್ಲಿ ಮಾರಾಟವಾಗುತ್ತಿರುವ ಈ ಗಾಡಿಯ ಹಲವು ಮಾದರಿಗಳಿಗೆ ಕಾರ್ಖಾನೆಯಲ್ಲಿ ಹಾಕಿದ ಟೈರಿನ ಮೇಲೆ 265/70 ಆರ್ 16 ಎಂದು ಬರೆದಿರುತ್ತದೆ. ಟೈರಿನ ಅಗಲ 265 ಮಿಲಿಮೀಟರು, ಪಕ್ಕದ ಎತ್ತರ ಆ ಅಗಲದ ನೂರಕ್ಕೆ 70 ಪಾಲು, ಒಳಗಿನ ರಿಮ್ಮಿನ ವ್ಯಾಸ 16 ಅಂಗುಲ ಎಂದು ಅದರ ಅರ್ಥ. ಎಲ್ಲವನ್ನೂ ಕೂಡಿಸಿದರೆ ಟೈರಿನ ಎತ್ತರ ಸುಮಾರು 30.6 ಅಂಗುಲ. ಹವ್ಯಾಸಿಗಳು ಬಯಸುವುದು 33 ಅಂಗುಲದ ಟೈರು. ಹೆಚ್ಚಿದ್ದು 2.4 ಅಂಗುಲ, ಹಿಂದಿನ ಅಚ್ಚು ನೆಲದಿಂದ ಮೇಲೇರುವುದು ಅದರ ಅರ್ಧ, ಎಂದರೆ 1.2 ಅಂಗುಲ ಮಾತ್ರ. ಇಷ್ಟು ವೆಚ್ಚ, ಇಷ್ಟು ಸಂಭ್ರಮಗಳ ತಿರುಳು ಈ 1.2 ಅಂಗುಲ.

ಹಾಗಾದರೆ ಗಾಡಿಯನ್ನೇಕೆ ಎತ್ತಬೇಕು? ದೊಡ್ಡ ಟೈರು ಹಳೆಯ ಜಾಗದಲ್ಲಿ ಹಿಡಿಸುವುದಿಲ್ಲ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ, ಗುಂಡಿಗಿಳಿದು ಸ್ಪ್ರಿಂಗು ಕುಗ್ಗಿದಾಗ ಅದು ಮಡ್‌ಗಾರ್ಡಿಗೋ ಹಿಂಬದಿಯ ಕಬ್ಬಿಣಕ್ಕೋ ಉಜ್ಜುತ್ತದೆ. ಆದುದರಿಂದ ಗಾಡಿಯನ್ನು 2 ಅಥವಾ 3 ಅಂಗುಲ ಎತ್ತಿ, ಬೇಕಾದಲ್ಲಿ ಒಂದಿಷ್ಟು ಕತ್ತರಿಸಿ, ಟೈರಿಗೆ ಎಡೆ ಮಾಡಿಕೊಡುತ್ತಾರೆ. ಎತ್ತುವುದರಿಂದ ಬೇರೆ ಲಾಭವೇ ಇಲ್ಲವೆಂದಲ್ಲ. ಚಾಸಿಯೂ ಬಂಪರುಗಳೂ ಮೇಲೇರುವುದರಿಂದ ಕಡಿದಾದ ದಿಬ್ಬ ಹತ್ತಿಳಿಯುವಾಗ ಮೂತಿ, ಬಾಲ, ಹೊಟ್ಟೆಗಳು ನೆಲಕ್ಕೆ ತಾಗುವುದು ಕಡಿಮೆಯಾಗುತ್ತದೆ. ಆದರೆ ಹಿಂದಿನ ಅಚ್ಚಿನ ನಡುವಣ ದಪ್ಪ ಗುಂಡು, ಎಂದರೆ ಕಲ್ಲಿಗೆ ಮೊದಲು ತಾಗುವ ಡಿಫರೆನ್ಶಿಯಲ್ಲು, ಇದರಿಂದ ಏಳುವುದಿಲ್ಲ. ಅದನ್ನೆತ್ತುವುದು ಟೈರೊಂದೇ.

ಎತ್ತುವ ಬಗೆಗಳು ಹಲವು. ಚಾಸಿಗೂ ಮೇಲಿನ ಬಾಡಿಗೂ ನಡುವೆ ಬಿಲ್ಲೆಗಳನ್ನಿಟ್ಟು ಬಾಡಿಯನ್ನಷ್ಟೇ ಏರಿಸುವುದು ಒಂದು. ಇದರಲ್ಲಿ ಟೈರಿಗೆ ಎಡೆ ಸಿಗುತ್ತದೆ, ಚಾಸಿ ಇದ್ದಲ್ಲಿಯೇ ಇರುತ್ತದೆ. ಮುಂದಿನ ಸ್ಪ್ರಿಂಗಿನ ತಲೆಯ ಮೇಲೆ ಬಿಲ್ಲೆಯಿಟ್ಟು, ಹಿಂದಿನ ಪಟ್ಟಿ ಸ್ಪ್ರಿಂಗಿಗೂ ಅಚ್ಚಿಗೂ ನಡುವೆ ದಿಮ್ಮಿಯಿಟ್ಟು ಏರಿಸುವುದು ಇನ್ನೊಂದು. ಸ್ಪ್ರಿಂಗುಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಮುಂಗಾಲಿಗಳನ್ನು ಹಿಡಿದ ಮೇಲ್ತೋಳುಗಳನ್ನೂ ಕೂಡಿಯೇ ಹೊಸದಾಗಿ ಜೋಡಿಸುವುದು ಮೂರನೆಯದು, ಉತ್ತಮವಾದುದು, ದುಬಾರಿಯಾದುದು. ಮೊದಲಿನವು ಕೆಲವು ನೂರು ಡಾಲರುಗಳಲ್ಲಿ ಮುಗಿದರೆ ಕೊನೆಯದಕ್ಕೆ ಸಾವಿರಾರು ಡಾಲರು ಬೇಕು. ಟೈರುಗಳ ಬೆಲೆ ಬೇರೆ.

ನಿಜವಾದ ಕಥೆ ಇಲ್ಲಿಂದ ಆರಂಭ. ಮುಂಗಾಲಿಗಳನ್ನು ತಿರುಗಿಸುವ ದಂಡಗಳು ಮೊದಲಿಗಿಂತ ಓರೆಯಾಗಿ ದುಡಿಯಬೇಕಾಗುತ್ತದೆ. ಅವುಗಳ ಕೀಲುಗಳು ಬೇಗ ಸವೆಯುತ್ತವೆ. ಗ್ರೀಸು ಹಿಡಿದ ರಬ್ಬರಿನ ಚೀಲಗಳು ಹರಿಯುತ್ತವೆ. ಹಿಂದಕ್ಕೆ ಶಕ್ತಿ ಒಯ್ಯುವ ಉದ್ದನೆಯ ದಂಡದ ಕೋನ ಬದಲಾಗಿ ಗಾಡಿ ನಡುಗಬಹುದು. ಬ್ರೇಕಿನ ಕೊಳವೆಗಳು ಬಿಗಿದು ನಿಲ್ಲುತ್ತವೆ. ಗಾಲಿಗಳ ಅಲೈನ್‌ಮೆಂಟು ತಪ್ಪುವುದರಿಂದ ಹೊಸ ಟೈರುಗಳೇ ಒಂದು ಬದಿಗೆ ಸವೆಯುತ್ತವೆ. ಹೆಡ್‌ಲೈಟಿನ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಹಳೆಯ ಸ್ಟೆಪ್ನಿ ಟೈರು ಉಳಿದ ನಾಲ್ಕಕ್ಕೆ ಜೊತೆಯಾಗದು.

ಟೈರಿನಿಂದಾಗುವ ಪರಿಣಾಮ ಇನ್ನೂ ಸೂಕ್ಷ್ಮ. ಒಂದು ಸುತ್ತಿಗೆ ಅದು ಹೆಚ್ಚು ದೂರ ಕ್ರಮಿಸುವುದರಿಂದ ವೇಗಸೂಚಕವು ಸುಳ್ಳು ಹೇಳತೊಡಗುತ್ತದೆ. ಮುಳ್ಳು 65 ಮೈಲಿಯಲ್ಲಿ ನಿಂತಿದ್ದರೆ ಗಾಡಿ ಓಡುತ್ತಿರುವುದು 70 ಮೈಲಿ ವೇಗದಲ್ಲಿ. ಇಂಜಿನ್ನಿನ ಎಳೆತ ನೆಲ ಮುಟ್ಟುವ ಹೊತ್ತಿಗೆ ನೂರಕ್ಕೆ 7ರಷ್ಟು ಕಡಿಮೆಯಾಗಿರುತ್ತದೆ. ಅದನ್ನು ಸರಿದೂಗಿಸಲು ಅಚ್ಚಿನೊಳಗಿನ ಗೇರುಗಳನ್ನೇ ಬದಲಿಸುವವರೂ ಉಂಟು. ಟೈರು ಒಂದೊಂದೂ ಹಲವು ಕಿಲೋ ಹೆಚ್ಚು ತೂಗುವುದರಿಂದ ಇಂಧನದ ವ್ಯಯ ಏರುತ್ತದೆ, ಬ್ರೇಕಿಗೆ ಶ್ರಮ ಹೆಚ್ಚುತ್ತದೆ, ಗಾಡಿ ನಿಲ್ಲಲು ಇನ್ನಷ್ಟು ದೂರ ಬೇಕಾಗುತ್ತದೆ. ಒಂದನ್ನು ಎತ್ತಿದವನು ಹತ್ತನ್ನು ಸರಿಪಡಿಸಲು ಸಿದ್ಧನಿರಬೇಕು ಎಂಬುದೇ ಇದರ ಸಾರ. ಎತ್ತುವ ಸಾಮಾನಿನ ಬೆಲೆಯನ್ನಷ್ಟೇ ನೋಡಿ ಹೊರಟವನು ಈ ಹತ್ತರಲ್ಲಿ ಎಂಟನ್ನು ಬಿಟ್ಟುಬಿಡುತ್ತಾನೆ. ಅಪಾಯವಿರುವುದು ಅಲ್ಲಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಉರುಳುವುದು. ಹುಲ್ಲು ಹೇರಿದ ಚಕ್ಕಡಿ ಓರೆ ನೆಲದಲ್ಲಿ ವಾಲುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಮೇರಿಕೆಯ ಹೆದ್ದಾರಿ ಸುರಕ್ಷತಾ ಇಲಾಖೆ ಇದಕ್ಕೊಂದು ಸರಳವಾದ ಅಳತೆ ಇಟ್ಟುಕೊಂಡಿದೆ. ಎಡಬಲ ಗಾಲಿಗಳ ನಡುವಣ ಅಂತರವನ್ನು ಗಾಡಿಯ ಭಾರಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸಬೇಕು. ಬಂದ ಸಂಖ್ಯೆ ಹೆಚ್ಚಿದ್ದಷ್ಟೂ ಗಾಡಿ ಸ್ಥಿರ. ಸಾಮಾನ್ಯ ಕಾರುಗಳಿಗೆ ಅದು 1.3ರಿಂದ 1.5ರ ಒಳಗೆ, ಪಿಕಪ್ಪುಗಳಂಥ ಎತ್ತರದ ಗಾಡಿಗಳಿಗೆ 1.0ರಿಂದ 1.3ರ ಒಳಗೆ ಬರುತ್ತದೆ. ಉದಾಹರಣೆಗೆಂದು ಅಂತರ 160 ಸೆಂಟಿಮೀಟರು, ಭಾರಕೇಂದ್ರ 70 ಸೆಂಟಿಮೀಟರು ಎತ್ತರದಲ್ಲಿದೆ ಎನ್ನೋಣ. ಸಂಖ್ಯೆ 1.14. ಅದೇ ಭಾರಕೇಂದ್ರ 7 ಸೆಂಟಿಮೀಟರು ಮೇಲೇರಿದರೆ ಸಂಖ್ಯೆ 1.04ಕ್ಕಿಳಿಯುತ್ತದೆ. ನೋಡಲು ಅಲ್ಪ. ಆದರೆ ನಾಯಿಯೋ ಜಿಂಕೆಯೋ ಅಡ್ಡ ಬಂದು ಸ್ಟಿಯರಿಂಗನ್ನು ಥಟ್ಟನೆ ತಿರುಗಿಸುವ ಆ ಕ್ಷಣದಲ್ಲಿ ನಿರ್ಣಾಯಕವಾಗುವುದು ಅದೇ ಅಲ್ಪ. 2012ರ ಮಾದರಿಗಳಿಂದ ಅಲ್ಲಿನ ಎಲ್ಲ ಲಘು ವಾಹನಗಳಲ್ಲಿ ಜಾರಾಟ ತಡೆಯುವ ವಿದ್ಯುನ್ಮಾನ ವ್ಯವಸ್ಥೆ ಕಡ್ಡಾಯವಾಗಿದೆಯಾದರೂ, ಅದರ ಲೆಕ್ಕಾಚಾರ ಕಾರ್ಖಾನೆಯ ಎತ್ತರಕ್ಕೆ, ಕಾರ್ಖಾನೆಯ ಟೈರಿಗೆ ಹೊಂದಿಸಿದುದು.

ಒಳಗೆ ಕುಳಿತವರ ಮಾತು ಇದಾಯಿತು, ಹೊರಗಿನವರ ಗತಿಯೇನು? ಮೂತಿ ಎತ್ತರವಾದಷ್ಟೂ ಅದರ ಮುಂದೆಯೇ ನಿಂತ ಮಗು ಚಾಲಕನಿಗೆ ಕಾಣಿಸದು. ಅಮೇರಿಕೆಯ ವಿಮಾ ಸಂಸ್ಥೆಗಳ ಹೆದ್ದಾರಿ ಸುರಕ್ಷತಾ ಸಂಸ್ಥೆಯು 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಾನೆಟ್ಟಿನ ಅಂಚು 40 ಅಂಗುಲಕ್ಕಿಂತ ಎತ್ತರವಿರುವ ವಾಹನ ಪಾದಚಾರಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಅಂಗುಲ ಮೀರದ ಇಳಿಜಾರು ಮೂತಿಯ ವಾಹನಕ್ಕೆ ಹೋಲಿಸಿದರೆ ನೂರಕ್ಕೆ ಸುಮಾರು 45ರಷ್ಟು ಹೆಚ್ಚು. ಕಾರ್ಖಾನೆಯಿಂದ ಬಂದ ಗಾಡಿಗಳನ್ನೇ ಕುರಿತ ಎಚ್ಚರಿಕೆ ಇದು. ಅದರ ಮೇಲೆ ಮತ್ತೆ ಮೂರು ಅಂಗುಲ ಸೇರಿಸುವವನು ತನ್ನ ಮನೆಯಂಗಳದ ಮಗುವನ್ನು ಒಮ್ಮೆ ನೆನೆಯಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಎತ್ತರಿಸುವುದೇ ತಪ್ಪೆಂದು ನಾವು ತೀರ್ಪು ಕೊಡುವುದಿಲ್ಲ. ಐಸ್‌ಲೆಂಡ್ ದೇಶವನ್ನು ನೋಡಿರಿ. ಅಲ್ಲಿನ ಹಿಮನದಿಗಳ ಮೇಲೆ ಸಾಮಾನ್ಯ ಗಾಲಿ ಹೂತುಹೋಗುತ್ತದೆ. 38 ಅಂಗುಲದ, ಅದಕ್ಕೂ ಮಿಗಿಲಾದ ಟೈರುಗಳನ್ನು ಹಾಕಿ, ಗಾಳಿಯನ್ನು ಬಹುಮಟ್ಟಿಗೆ ಇಳಿಸಿ, ಚಪ್ಪಟೆಯಾದ ಟೈರಿನ ಮೇಲೆ ಹಿಮದಲ್ಲಿ ತೇಲುವಂತೆ ಸಾಗುವ ವಿದ್ಯೆಯನ್ನು ಅಲ್ಲಿನವರು ಸಾಧಿಸಿದ್ದಾರೆ. ಅಲ್ಲಿನ ಆರ್ಕ್ಟಿಕ್ ಟ್ರಕ್ಸ್ ಎಂಬ ಕಂಪನಿ ಸಜ್ಜುಗೊಳಿಸಿದ ಟೊಯೊಟಾ ಹೈಲಕ್ಸ್ ಪಿಕಪ್ಪಿನಲ್ಲಿ 2007ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ.ಯ ತಂಡವೊಂದು, 1996ರಲ್ಲಿ ಉತ್ತರ ಕಾಂತಧ್ರುವವಿದ್ದ ಸ್ಥಾನದವರೆಗೆ ಹಿಮದ ಮೇಲೆಯೇ ಸಾಗಿ ಹೋಯಿತು. ಅಲ್ಲಿ ಎತ್ತರ ನೆಲದ ಅಗತ್ಯದಿಂದ ಹುಟ್ಟಿತು.

ಅಗತ್ಯವಿಲ್ಲದೆ ಹುಟ್ಟಿದ ಎತ್ತರಕ್ಕೂ ಉದಾಹರಣೆಯುಂಟು. ಅಮೇರಿಕೆಯ ಕ್ಯಾರೊಲಿನಾ ಪ್ರಾಂತದ ತರುಣರು ಪಿಕಪ್ಪಿನ ಮುಂಭಾಗವನ್ನು ಮೇಲೆತ್ತಿ, ಹಿಂಭಾಗವನ್ನು ಕೆಳಗಿಳಿಸಿ, ಆಕಾಶ ನೋಡುತ್ತ ಓಡಿಸತೊಡಗಿದರು. ಮುಂದಿನ ರಸ್ತೆ ಕಾಣದು, ದೀಪ ನೆಲಕ್ಕೆ ಬೀಳದು, ಯಾವ ಕಲ್ಲುಹಾದಿಗೂ ಅದು ಉಪಯೋಗವಿಲ್ಲ. ಉತ್ತರ ಕ್ಯಾರೊಲಿನಾ 2021ರ ಡಿಸೆಂಬರಿನಿಂದ ಅದನ್ನು ನಿಷೇಧಿಸಿತು. ದಕ್ಷಿಣ ಕ್ಯಾರೊಲಿನಾ 2023ರಲ್ಲಿ ಕಾನೂನು ತಂದಿತು. ನಮ್ಮ ದೇಶದ ನಿಯಮವಂತೂ ಇನ್ನೂ ಬಿಗಿ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮನ್ನು ವಿವರಿಸುತ್ತ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ, ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸ್ಪಷ್ಟಪಡಿಸಿದೆ. ಊರಿಗೆ ಬಂದಾಗ ಅಣ್ಣನ ಗಾಡಿಯ ಚಿತ್ರ ನೋಡಿ ಇಲ್ಲಿ ಹಾಗೆಯೇ ಮಾಡಹೊರಡುವ ತಮ್ಮಂದಿರು ಇದನ್ನು ಗಮನಿಸಬೇಕು.

ಪತ್ರ ಬರೆದ ಹಿರಿಯರಿಗೆ ನಮ್ಮ ಬಿನ್ನಹವಿಷ್ಟೆ. ಮಗನಿಗೆ "ಬೇಡ" ಎನ್ನಬೇಡಿರಿ. ಮೂರು ಪ್ರಶ್ನೆ ಕೇಳಿರಿ. ಮೊದಲನೆಯದು: ಈಗಿನ ಗಾಡಿ ಎಲ್ಲಿ ಸಿಕ್ಕಿಬಿದ್ದಿತು? ಕೊಲೊರಾಡೊದಲ್ಲಿ 12,000 ಅಡಿ ಮೀರಿದ ಸಿನಮನ್ ಪಾಸ್, ಇಂಜಿನಿಯರ್ ಪಾಸ್ ಮುಂತಾದ ಕಲ್ಲುದಾರಿಗಳನ್ನೂ ನಾಲ್ಕು ಗಾಲಿಗಳ ಎಳೆತವುಳ್ಳ, ತಳ ಎತ್ತರವಿರುವ ಗಾಡಿಗಳು ಕಾರ್ಖಾನೆಯ ರೂಪದಲ್ಲಿಯೇ ದಾಟುತ್ತವೆ. ಎರಡನೆಯದು: ಖರ್ಚಿಲ್ಲದ ಉಪಾಯ ಮಾಡಿ ನೋಡಿದೆಯಾ? ಕಲ್ಲುಹಾದಿಗಿಳಿಯುವ ಮೊದಲು ಟೈರಿನ ಗಾಳಿಯನ್ನು 35 ಪೌಂಡಿನಿಂದ 20ರ ಸುಮಾರಿಗೆ ಇಳಿಸಿದರೆ ಹಿಡಿತ ಎದ್ದು ಕಾಣುವಂತೆ ಹೆಚ್ಚುತ್ತದೆ, ಕುಲುಕಾಟ ತಗ್ಗುತ್ತದೆ. ಹೆದ್ದಾರಿಗೆ ಮರಳುವ ಮುನ್ನ ಸಣ್ಣ ಪಂಪಿನಿಂದ ಗಾಳಿ ತುಂಬಿಕೊಂಡರಾಯಿತು. ಅದೇ ಅಳತೆಯಲ್ಲಿ ಆಳವಾದ ಹಲ್ಲುಗಳುಳ್ಳ ಟೈರು, ಹೊಟ್ಟೆಗೊಂದು ರಕ್ಷಣೆಯ ತಗಡು ಇವು ಅನಂತರದ ಮೆಟ್ಟಿಲು. ಮೂರನೆಯದು: ಎತ್ತಿದ ಮೇಲೆ ಕೀಲು, ಬ್ರೇಕು, ಅಲೈನ್‌ಮೆಂಟು, ದೀಪ, ವೇಗಸೂಚಕ, ವಿಮೆ ಇವೆಲ್ಲವನ್ನೂ ಸರಿಪಡಿಸುವಷ್ಟು ಹಣವನ್ನೂ ತಾಳ್ಮೆಯನ್ನೂ ಎತ್ತಿಟ್ಟಿದ್ದೀಯಾ?

ಮೂರಕ್ಕೂ ಅವನು ಸಮಾಧಾನದಿಂದ ಉತ್ತರಿಸಿದರೆ ಸಂತೋಷದಿಂದ ಒಪ್ಪಿರಿ. ಅವನು ವಿದ್ಯೆಯನ್ನು ಬಲ್ಲವನು. ಅಂಥವನು ಸೊಸೆಯ ಕೈಗೆ ಗಾಡಿ ಕೊಡುವ ಮೊದಲು ಅದರ ಹೊಸ ನಡೆಯನ್ನು ಆಕೆಗೂ ಕಲಿಸುವನು, ತಿರುವಿನಲ್ಲಿ ಹಿಂದಿಗಿಂತ ನಿಧಾನವಾಗಿ ಹೋಗುವನು. ಮೊದಲ ಪ್ರಶ್ನೆಗೇ ತಡವರಿಸಿದರೆ ಅವನಿಗೆ ಬೇಕಾಗಿರುವುದು ಹಾದಿಯಲ್ಲ, ನೋಡುವವರ ಕಣ್ಣು ಎಂದು ತಿಳಿಯಿರಿ. ಆ ಹಸಿವಿಗೆ 33 ಅಂಗುಲವೂ ಸಾಲದು; ಬರುವ ವರ್ಷ 35 ಬೇಕಾದೀತು.

ಗಾಲಿ ಹಿರಿದಾದರೆ ಬಂಡಿ ಏಳಬೇಕು. ಬಂಡಿ ಎದ್ದರೆ ಓಡಿಸುವವನ ಎಚ್ಚರವೂ ಅಷ್ಟೇ ಏಳಬೇಕು. ಅದು ಏಳದಿದ್ದಲ್ಲಿ ಗಾಲಿ ಇದ್ದಷ್ಟೇ ಇರುವುದು ಮನೆಮಂದಿಗೆಲ್ಲ ಕ್ಷೇಮ.