ರುಜುವುಳ್ಳ ಕೆಲಸ

ಅರಸೀಕೆರೆಯಿಂದ ರೈಲನ್ನೇರಿ ಬೆಂಗಳೂರಿಗೆ ಹೋದ ಮಕ್ಕಳ ಉದ್ಯೋಗವನ್ನು ಕೃತಕ ಬುದ್ಧಿಯಂತ್ರವು ನುಂಗುವುದೋ ಎಂದು ಗೃಹಸ್ಥರು ನಮ್ಮನ್ನು ಕೇಳುತ್ತಿರುವರು. ತರ್ಜುಮೆ, ಲೆಕ್ಕ, ಮೊದಲ ಕರಡು ಇವುಗಳಲ್ಲಿ ಬಹುಭಾಗವು ಯಂತ್ರದ ಪಾಲಾಗುವುದೆಂಬುದನ್ನು ಮುಚ್ಚಿಡಲಾರೆವು. ಬೇಲೂರಿನ ದೇಗುಲದಲ್ಲಿಯೂ 1117ರ ಪ್ರತಿಷ್ಠೆ, ವಿಷ್ಣುವರ್ಧನನ ವೃತ್ತಾಂತ ಎಲ್ಲವನ್ನೂ ಕೈಫೋನೇ ಹೇಳಬಲ್ಲುದು, ಅಷ್ಟನ್ನೇ ಒಪ್ಪಿಸುವ ಮಾರ್ಗದರ್ಶಿಗೆ (ಕಂಠಪಾಠ ಮಾಡಿಸಿದ ನಮ್ಮಂತಹ ಉಪಾಧ್ಯಾಯರಿಗೂ!) ಕಷ್ಟಕಾಲವೇ ಸರಿ.

ಆದರೆ ಅಲ್ಲಿಯ ಮದನಿಕೆಯರ ಪೀಠಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕಂಡರಿಸಿರುವರು. ಒಳ್ಳೆಯದಾದರೂ ಕೆಟ್ಟರೂ ಹೊಣೆ ಅವರದು. ಯಂತ್ರವು ತಪ್ಪಿದರೆ ಹಿಡಿಯುವುದಾರನ್ನು? ಔಷಧದ ಚೀಟಿಗೆ ರುಜು ಹಾಕುವ ವೈದ್ಯನನ್ನೂ ಹಳೇಬೀಡಿನಲ್ಲಿ ಸಡಿಲಿದ ಕಲ್ಲನ್ನು ಕೂಡಿಸಬಲ್ಲ ಶಿಲ್ಪಿಯನ್ನೂ ಜನರು ಇನ್ನೂ ಹುಡುಕಿಕೊಂಡು ಬರುವರು. ಕರಡು ಬರೆದು, ತಿದ್ದಿಸಿಕೊಂಡೇ ಕಲಿಯಬೇಕಾದ ಹೊಸಬರಿಗೆ ಆ ರುಜುವಿನ ಯೋಗ್ಯತೆ ಮುಂದೆ ಬರುವುದೆಂತು ಎಂಬುದೇ ನಮ್ಮ ಚಿಂತೆ.