ಪರದೇಶದ ವಿದ್ಯೆ ಮತ್ತು ಬಿಡಾರದ ಪ್ರಶ್ನೆ

ಪರದೇಶಕ್ಕೆ ಓದಲು ಹೊರಡುವ ನಮ್ಮ ತರುಣರು ವಿಶ್ವವಿದ್ಯಾನಿಲಯದ ಹೆಸರು, ಶುಲ್ಕ, ಮುಂದೆ ದೊರೆಯಬಹುದಾದ ಉದ್ಯೋಗ ಇವನ್ನೆಲ್ಲ ತಿಂಗಳುಗಟ್ಟಲೆ ವಿಚಾರಿಸುತ್ತಾರೆ. ಹೋಗಿ ಇಳಿದ ರಾತ್ರಿ ತಲೆಯಿಡುವುದೆಲ್ಲಿ ಎಂಬ ಮಾತು ಕೊನೆಗೆ ಬರುತ್ತದೆ. ಕೆನಡಾ ದೇಶದಲ್ಲಿ ಈಚಿನ ವರ್ಷಗಳಲ್ಲಿ ನಡೆದುದನ್ನು ನೋಡಿದರೆ, ಈ ಮಾತನ್ನು ಕೊನೆಗಿಟ್ಟವರು ವಿದ್ಯಾರ್ಥಿಗಳಷ್ಟೇ ಅಲ್ಲ, ಅವರನ್ನು ಕರೆಸಿಕೊಂಡ ಸರ್ಕಾರಗಳೂ ಕಾಲೇಜುಗಳೂ ಹಾಗೆಯೇ ಮಾಡಿದುವೆಂದು ನನಗೆ ತೋರುತ್ತದೆ.

2023ರ ಕೊನೆಯ ವೇಳೆಗೆ ಆ ದೇಶದಲ್ಲಿ ವ್ಯಾಸಂಗದ ಪರವಾನಗಿ ಪಡೆದಿದ್ದ ಪರದೇಶೀಯರ ಸಂಖ್ಯೆ ಹತ್ತು ಲಕ್ಷವನ್ನು ಮೀರಿತ್ತು. ಅವರಲ್ಲಿ ಭಾರತೀಯರದೇ ಎಲ್ಲಕ್ಕಿಂತ ದೊಡ್ಡ ಗುಂಪು. 2024ರ ಜನವರಿಯಲ್ಲಿ ಅಲ್ಲಿನ ಆಗಿನ ವಲಸೆ ಸಚಿವ ಮಾರ್ಕ್ ಮಿಲ್ಲರ್ ಅವರು ಹೊಸ ಪರವಾನಗಿಗಳಿಗೆ ಮಿತಿ ಹಾಕಿ, ಆ ವರ್ಷಕ್ಕೆ ಸುಮಾರು 3,60,000 ಎಂದು ಸಾರಿದರು. ಹಿಂದಿನ ವರ್ಷಕ್ಕಿಂತ ಇದು ಶೇಕಡಾ 35ರಷ್ಟು ಕಡಿಮೆ. ವಸತಿಯ ಮೇಲೆ ಬಿದ್ದ ಒತ್ತಡವೂ ಇದಕ್ಕೆ ಕೊಟ್ಟ ಕಾರಣಗಳಲ್ಲೊಂದು.

ಅಭಾವವೇನೋ ನಿಜ. ಆದರೆ ಅದನ್ನು ತಂದವರಾರು? ಒಂಟೇರಿಯೊ ಪ್ರಾಂತದ ಸರ್ಕಾರ 2019ರಲ್ಲಿ ಸ್ವದೇಶೀ ವಿದ್ಯಾರ್ಥಿಗಳ ಶುಲ್ಕವನ್ನು ಶೇಕಡಾ 10ರಷ್ಟು ಇಳಿಸಿ, ಅನಂತರ ಹಲವು ವರ್ಷ ಏರಿಸಗೊಡಲಿಲ್ಲ. ಆ ಕೊರತೆಯನ್ನು ಬೊಕ್ಕಸದಿಂದ ತುಂಬಿಕೊಡಲೂ ಇಲ್ಲ. ಪರದೇಶೀಯರ ಶುಲ್ಕಕ್ಕೆ ಅಂಥ ಕಟ್ಟಿಲ್ಲದುದರಿಂದ ಕಾಲೇಜುಗಳು ಅತ್ತ ತಿರುಗಿದುವು. ಕಿಚನರ್ ನಗರದ ಕೊನೆಸ್ಟೋಗಾ ಕಾಲೇಜೊಂದಕ್ಕೇ 2023ರಲ್ಲಿ 30,000ಕ್ಕೂ ಹೆಚ್ಚು ಪರವಾನಗಿಗಳು ಮಂಜೂರಾದುವು. ಪ್ರವೇಶಪತ್ರ ಕಳುಹಿಸಲು ಒಂದು ಗಳಿಗೆ ಸಾಕು. ಕೋಣೆ ಕಟ್ಟಲು ವರ್ಷಗಳು ಬೇಕು. ಹೆಚ್ಚಿನ ಬೆಲೆ ತೆತ್ತು ಬಂದ ಅತಿಥಿಯನ್ನೇ ಮನೆ ಕಿಕ್ಕಿರಿದುದಕ್ಕೆ ಹೊಣೆಮಾಡುವುದು ಯಾವ ನ್ಯಾಯವೋ ತಿಳಿಯದು.

ಹಾಗಾದರೆ ಆ ಅತಿಥಿಗೆ ದೊರೆಯುವುದೇನು? ಕಾಲೇಜಿನ ವಿದ್ಯಾರ್ಥಿನಿಲಯ ಎಲ್ಲರಿಗೂ ಸಾಲದು. ಒಂದು ಸಂಸಾರದಲ್ಲಿ ಅತಿಥಿಯಾಗಿ ಹಣ ಕೊಟ್ಟಿರುವುದು ಮೊದಲ ತಿಂಗಳುಗಳಿಗೆ ಹಿತವಾದರೂ ದುಬಾರಿ. ಉಳಿದುದು ನಾಲ್ಕಾರು ಮಂದಿ ಸೇರಿ ಹಿಡಿಯುವ ಬಾಡಿಗೆಯ ಬಿಡಾರ. ಟೊರಾಂಟೊ ಬಳಿಯ ಬ್ರಾಂಪ್ಟನ್ನಿನಲ್ಲಿ ಅದು ಬಹುಮಟ್ಟಿಗೆ ನೆಲಮಾಳಿಗೆ. ಹಾಸಿಗೆಗೆ ಹಾಸಿಗೆ ತಾಗುವಂತೆ ಮಲಗುವ ಜಾಗ. 2024ರಲ್ಲಿ ಆ ನಗರಸಭೆ ಕೆಲವು ವಾರ್ಡುಗಳಲ್ಲಿ ಬಾಡಿಗೆಮನೆಗಳಿಗೆ ಪ್ರಾಯೋಗಿಕವಾಗಿ ಪರವಾನಗಿಯ ನಿಯಮ ತಂದಾಗ ಮನೆಯೊಡೆಯರೇ ಬೀದಿಗಿಳಿದು ಪ್ರತಿಭಟಿಸಿದರು!

ಕಾನೂನು ಇಲ್ಲವೆಂದಲ್ಲ. ಒಂಟೇರಿಯೊದಲ್ಲಿ ಮನೆಯೊಡೆಯನು ಮುಂಗಡವಾಗಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೇಳುವಂತಿಲ್ಲ. ಮನೆ ಕೆಟ್ಟೀತೆಂಬ ನೆಪದ ಠೇವಣಿಯಂತೂ ನಿಷಿದ್ಧ. ಆದರೆ ಇದರಲ್ಲೊಂದು ಬಿರುಕಿದೆ. ಬಾಡಿಗೆದಾರನು ಅಡಿಗೆಮನೆಯನ್ನೋ ಬಚ್ಚಲನ್ನೋ ಮನೆಯೊಡೆಯನೊಡನೆ ಹಂಚಿಕೊಳ್ಳಬೇಕಾದ ಕಡೆ ಬಾಡಿಗೆದಾರರ ಕಾಯಿದೆಯ ರಕ್ಷಣೆಯೇ ಅವನಿಗಿಲ್ಲ. ಅತಿ ಅಗ್ಗದ ಕೋಣೆಗಳಲ್ಲಿ ಅನೇಕವು ಇಂಥವೇ. ಹದಿನೆಂಟು ವರ್ಷದ ಹುಡುಗ ಇದನ್ನು ಬಲ್ಲನೆ? ಹೇಳಬೇಕಾದವರಾರು?

1888ರಲ್ಲಿ ಲಂಡನ್ನಿಗೆ ಹೋದ ಗಾಂಧಿಯವರು ಮೊದಲು ಒಂದು ಸಂಸಾರದ ಜೊತೆ ಇದ್ದು, ಖರ್ಚು ತಗ್ಗಿಸಲೆಂದು ಬೇರೆ ಬಿಡಾರ ಹಿಡಿದರು. ನಡೆದೇ ಹೋಗಬಹುದಾದ ದೂರ ನೋಡಿಕೊಂಡರು. ಕೊನೆಗೆ ಒಂದೇ ಕೋಣೆಗಿಳಿದು ಬೆಳಗಿನ ಆಹಾರವನ್ನು ತಾವೇ ಬೇಯಿಸಿಕೊಂಡರು. ಆ ಕ್ಲೇಶವನ್ನು ಹೊಗಳುವವರು ಒಂದನ್ನು ಮರೆಯುತ್ತಾರೆ. ಇಳಿಯಲು ಅವರಿಗೆ ಮೆಟ್ಟಿಲುಗಳಿದ್ದುವು. ಇಂದಿನವನು ಕೆಳಗಿನ ಮೆಟ್ಟಿಲಲ್ಲೇ ಕಾಲಿಡುತ್ತಾನೆ.

ಮತ್ತೊಂದು ಬಗೆಯೂ ಉಂಟು. ಮೊದಲ ಮಹಾಯುದ್ಧದ ತರುವಾಯ ಪ್ಯಾರಿಸ್ಸಿನಲ್ಲಿ ಆಂದ್ರೆ ಓನೋರಾ ಮೊದಲಾದವರು ವಿದ್ಯಾರ್ಥಿಗಳಿಗಾಗಿ ಒಂದು ಅಂತರರಾಷ್ಟ್ರೀಯ ನಗರಿಯನ್ನೇ ಕಟ್ಟಲು ತೊಡಗಿದರು. 1925ರಲ್ಲಿ ಮೊದಲ ಮನೆಗಳು ತೆರೆದುವು. ನಾನಾ ದೇಶಗಳು ಅಲ್ಲಿ ತಮ್ಮ ಹೆಸರಿನ ನಿಲಯಗಳನ್ನೆತ್ತಿದುವು. ಭಾರತದ ಭವನವೂ ಇದೆ. ಕಳುಹಿಸುವ ನಾಡಿಗೂ ಹೊಣೆಯುಂಟೆಂಬುದನ್ನು ಅಲ್ಲಿ ಕಲ್ಲುಗಾರೆಯಲ್ಲೇ ಕಾಣಬಹುದು. ಲಕ್ಷಗಟ್ಟಲೆ ಮಕ್ಕಳನ್ನು ಕಳುಹಿಸುವ ನಮಗೆ ಟೊರಾಂಟೊದಲ್ಲಿ ಅಂಥದೊಂದು ಏಕೆ ತೋಚಲಿಲ್ಲ?

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾನಿಲಯ 2022ರಲ್ಲಿ, ಕೋಣೆ ಸಿಕ್ಕದಿದ್ದರೆ ಬರಬೇಡಿರೆಂದು ಪರದೇಶದ ವಿದ್ಯಾರ್ಥಿಗಳಿಗೆ ಮುಂಚಿತವಾಗಿಯೇ ತಿಳಿಸಿತು. ಕಟುವಾದ ಮಾತು, ಆದರೆ ಪ್ರಾಮಾಣಿಕ. ಕೆನಡಾ ಸರ್ಕಾರ ಮಾಡಿದ್ದು ಬೇರೆ: ವಿದ್ಯಾರ್ಥಿ ತನ್ನಲ್ಲಿದೆಯೆಂದು ತೋರಿಸಬೇಕಾದ ಜೀವನವೆಚ್ಚವನ್ನು 2024ರ ಜನವರಿ 1ರಿಂದ 10,000 ಡಾಲರಿನಿಂದ 20,635ಕ್ಕೆ ಏರಿಸಿತು. ಶುಲ್ಕ ಇದಕ್ಕೆ ಹೊರತು. ಹಣದ ಲೆಕ್ಕ ಇದರಿಂದ ಸರಿಹೋಯಿತು, ಮಂಚದ ಲೆಕ್ಕವಲ್ಲ. ಪ್ರವೇಶಪತ್ರದಲ್ಲಿ ಶುಲ್ಕದ ಸಾಲಿನ ಕೆಳಗೆ, ನಿಮಗಾಗಿ ಇಂಥ ಬೀದಿಯಲ್ಲಿ ಇಂಥ ಕೋಣೆ ಕಾದಿರಿಸಿದೆ ಅಥವಾ ಕಾದಿರಿಸಿಲ್ಲ ಎಂಬ ಇನ್ನೊಂದು ಸಾಲನ್ನು ಬರೆಯಲು ಕಾಲೇಜುಗಳಿಗೆ ಕಷ್ಟವೇನು? ಶಿಫಾರಸು ಪತ್ರಕ್ಕಾಗಿ ಬರುವವರೊಡನೆ ನಮ್ಮ ಅಧ್ಯಾಪಕರೂ ಆ ಸಾಲು ಎಲ್ಲಿದೆಯೆಂದು ಕೇಳಬಹುದು.