ಮೊದಲು ಆಕೆಯ ರೊಕ್ಕ ಕೊಡಿ

ಹುಬ್ಬಳ್ಳಿ-ಧಾರವಾಡದ ಸೀರೆ ಅಂಗಡಿಗಳಿಗೆ ಹೋಗಿ ಬರುವವರಿಗೆ ಈ ಮಾತು ಹೊಸದಲ್ಲ: ‘ಗಿರಾಕಿ ಇನ್ನೂ ರೊಕ್ಕ ಕೊಟ್ಟಿಲ್ಲವ್ವಾ, ಮುಂದಿನ ವಾರ ಬಾ.’ ಮೊನ್ನೆ ಕಸೂತಿ ಹಾಕುವ ಒಬ್ಬಾಕೆ ನನ್ನೆದುರೇ ‘ಮಗಳ ಫೀ ಕಟ್ಟೂದೈತ್ರಿ, ಅರ್ಧಾನರ ಕೊಡ್ರಿ’ ಎಂದು ಕೇಳಿದಳು. ಸಾಹುಕಾರರು ಆಕೆಯ ಕೈಗೆ ಇನ್ನೊಂದು ಸೀರೆ ಇಟ್ಟರು, ರೊಕ್ಕ ಇಡಲಿಲ್ಲ. ಅಲ್ಲಿದ್ದ ಗಿರಾಕಿಗಳು ಸೆರಗಿನ ಬಣ್ಣ ನೋಡುತ್ತಿದ್ದರು.

ಹೆಣ್ಣುಮಕ್ಕಳಿಗೆ ತರಬೇತಿ ಸಾಲದು ಎಂದು ಇನ್ನು ಯಾರೂ ಭಾಷಣ ಮಾಡಬೇಡಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ, ಸ್ವಉದ್ಯೋಗ ತರಬೇತಿಯ ರುಡ್‌ಸೆಟ್ ಮಾದರಿ ಇಡೀ ದೇಶಕ್ಕೆ ಹೋಗಿದೆ. ಹೊಲಿಗೆ ಯಂತ್ರ ಹಂಚುವ ಫೋಟೋಗಳಿಗಂತೂ ಬರವಿಲ್ಲ. ಇನ್ನು ಕಸೂತಿಯವಳಿಗೆ ನಾವು ಕಲಿಸುವುದೇನಿದೆ? ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳದೆ, ಎಳೆ ಎಣಿಸುತ್ತಲೇ ಗೋಪುರ, ತೇರು, ಆನೆ ಮೂಡಿಸುವ ಕೈ ಅದು. ಗವಂತಿ, ಮುರ್ಗಿ ಹೊಲಿಗೆ ಹಾಕಿದರೆ ಒಳಬದಿ ಯಾವುದು, ಹೊರಬದಿ ಯಾವುದು ಎಂದು ಹೇಳಲಾಗದು. ಒಂದು ಎಳೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬೇಕು. ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಮಾನ್ಯತೆ ಕಸೂತಿಗೆ ಸಿಕ್ಕಿತು, ಕೂಲಿ ಮಾತ್ರ ಮುಂದಿನ ವಾರಕ್ಕೇ ಉಳಿಯಿತು.

ಈ ಹೆಣ್ಣುಮಕ್ಕಳು ಸೋಲುವುದು ಕೆಲಸ ಬಾರದ್ದಕ್ಕಲ್ಲ, ಮಾಡಿದ ಕೆಲಸದ ರೊಕ್ಕವನ್ನು ನಾವು ಹಿಡಿದಿಟ್ಟುಕೊಳ್ಳುವುದಕ್ಕೆ. ಇದನ್ನು ನಾನು ಕ್ಷಮಿಸಲಾರೆ. ಸಂಘದ ಸಾಲದ ಕಂತು ‘ಮುಂದಿನ ವಾರ’ ಅಂದರೆ ಕೇಳುತ್ತದೆಯೇ? ವಸೂಲಿಯವನು ಹೇಳಿದ ದಿನಕ್ಕೆ ಬಾಗಿಲಿಗೆ ಬರುತ್ತಾನೆ. ಇತ್ತ ನಮ್ಮ ಬಾಕಿ, ಅತ್ತ ಅವನ ಬಡ್ಡಿ. ಬಡವಳ ದುಡ್ಡಿನಲ್ಲಿ ಬಡ್ಡಿಯಿಲ್ಲದೆ ವ್ಯಾಪಾರ ನಡೆಸುವವರೇ ಮಾರ್ಚ್ 8ಕ್ಕೆ ಮಹಿಳಾ ಸಬಲೀಕರಣದ ಬ್ಯಾನರ್ ಕಟ್ಟಿಸುತ್ತಾರೆ.

ಕಾನೂನು ಇಲ್ಲದಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಾಯಿತ ಕಿರು ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಒಪ್ಪಂದವಿದ್ದರೂ 45 ದಿನ ಮೀರಿ ಇಟ್ಟುಕೊಳ್ಳುವಂತಿಲ್ಲ. ಒಪ್ಪಂದವಿಲ್ಲದಿದ್ದರೆ 15 ದಿನ. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ಕೈಯಲ್ಲಿ ಚೀಟಿಯೂ ಇಲ್ಲದೆ ಮನೆಯಲ್ಲಿ ಕೂತು ಸೂಜಿ ಹಿಡಿದವಳು ಯಾರ ಮೇಲೆ ದಾವೆ ಹೂಡಬೇಕು? ನಾಳೆ ಕೆಲಸವೇ ತಪ್ಪಿದರೆ? ತರಬೇತಿ ಕೊಡುವವರೇ, ಪ್ರಮಾಣಪತ್ರದ ಜೊತೆ ಆಕೆಯ ಉದ್ಯಮ್ ನೋಂದಣಿ ಮಾಡಿಸಿಕೊಡಿ, ಬಿಲ್ ಬರೆಯಲು ಕಲಿಸಿ. ನೋಂದಣಿಗೆ ಒಂದು ಪೈಸೆ ಶುಲ್ಕವಿಲ್ಲ.

ಅಂಗಡಿಯವರನ್ನು ಬೈದು ನಾವು ಪಾರಾಗುವಂತಿಲ್ಲ. ಫಾಲ್-ಪಿಕೋ ಮಾಡಿಸಿ ‘ಚಿಲ್ಲರೆ ಇಲ್ಲ, ಆಮೇಲೆ ಕೊಡತೀನಿ’ ಅಂದವರು ಯಾರು? ಮದುವೆ ಮನೆಗೆ ಐನೂರು ಖಡಕ್ ರೊಟ್ಟಿ ತರಿಸಿಕೊಂಡು, ಕಾರ್ಯ ಮುಗಿದ ಮೇಲೆ ‘ಸ್ವಲ್ಪ ದಪ್ಪ ಆಗಿದ್ದವು’ ಎಂದು ದುಡ್ಡು ಮುರಿದುಕೊಂಡವರು ಯಾರು? ಓದುವ ನೀವು, ಬರೆಯುವ ನಾನು, ನಮ್ಮಂಥವರೇ. ಇದಕ್ಕೆ ಯೋಜನೆ ಬೇಡ, ಸಮಿತಿ ಬೇಡ, ಸಚಿವರೂ ಬೇಡ. ಅಳತೆ ಕೊಡುವಾಗಲೇ ಅರ್ಧ ಮುಂಗಡ ಕೊಡಿ, ಮಾಲು ಕೈಗೆ ಬಂದ ದಿನವೇ ಉಳಿದದ್ದನ್ನು ತೀರಿಸಿ. ಅಂಗಡಿಯಲ್ಲಿ ಕಸೂತಿ ಸೀರೆ ಕೊಳ್ಳುವಾಗ, ಬಣ್ಣ ನೋಡುವ ಮೊದಲು, ‘ಹಾಕಿದಾಕೆಗೆ ರೊಕ್ಕ ಮುಟ್ಟೇತೇನ್ರಿ?’ ಎಂದು ನಾಲ್ಕು ಜನರ ಮುಂದೆ ಜೋರಾಗಿ ಕೇಳಿ. ಉತ್ತರ ಬರದಿದ್ದರೆ ಸೀರೆ ಬಿಟ್ಟು ಬನ್ನಿ.